ಹಶಾಬ್ ಮರ ಗೋಂದು ಕೊಡುವುದಿಲ್ಲ

ಸಿತ್ತನಾಳ ತಾಯಿ ಹಾಜ್ಜಾ ಬತ್ತೂಲ್ ಅವರೇ, ಮನೆಯವರೇ, ನಮ್ಮ ಗೋಂದು ಸಂಶೋಧನಾ ಕೇಂದ್ರದ ಗೆಳೆಯರೇ, ಕತ್ತೆ ಹತ್ತಿ, ಲಾರಿ ಹತ್ತಿ ಉಬೈಯಿದ್ ಪಟ್ಟಣಕ್ಕೆ ಬಂದಿರುವ ಗೋಂದಿನ ರೈತರೇ — ಎಲ್ಲರಿಗೂ ಸಲಾಂ. ಮುಂದಿನ ಸಾಲಿನಲ್ಲಿ ಕೂತಿರುವ ನಿರ್ದೇಶಕ ತಿಜಾನಿ ಅವರಿಗೂ ಸಲಾಂ.

ಸಿತ್ತನಾ ತೀರಿಕೊಂಡು ಇಂದಿಗೆ ನಲವತ್ತು ದಿನ. ಪ್ರಯೋಗಶಾಲೆಯಲ್ಲಿ ನಾನು ಅವಳ ಪಕ್ಕದ ಮೇಜಿನವನು. ಇಬ್ಬರಿಗೂ ಅಲ್ಲೇ ತಲೆ ನರೆಯಿತು. ಬರೆದುಕೊಂಡು ಬಂದ ಭಾಷಣ ಜೇಬಿನಲ್ಲಿದೆ, ಓದುವುದಿಲ್ಲ. ಏಕೆಂದರೆ ಈಗಷ್ಟೇ ನಿರ್ದೇಶಕರು ಇಲ್ಲೇ ನಿಂತು ಒಂದು ಮಾತು ಹೇಳಿದರು — "ಹಶಾಬ್ ಮರ ಹನಿಹನಿಯಾಗಿ ಗೋಂದು ಕೊಡೋ ಹಾಗೆ ನಮ್ಮ ಸಿತ್ತನಾ ತನ್ನ ಜೀವಾನೇ ಕೊಟ್ಟಳು." ಕೆಲವರು ಕಣ್ಣೊರೆಸಿಕೊಂಡಿರಿ. ನನಗೆ ಮೈಯೆಲ್ಲ ಉರಿಯಿತು.

ಕೊಟ್ಟಳಂತೆ! ಕೊಟ್ಟಳಂತೆ!

ಮರ ಗೋಂದು ಕೊಡುವುದಿಲ್ಲ, ನಿರ್ದೇಶಕರೇ. ನಾವು ಸುಂಕಿ ಈಟಿ ಹಿಡಿದು — ಹೀಗೆ — ತೊಗಟೆ ಸೀಳುತ್ತೇವೆ. ಮರ ಗೋಂದು ಸುರಿಸಿ ತನ್ನ ಗಾಯಕ್ಕೆ ಪಟ್ಟಿ ಕಟ್ಟಿಕೊಳ್ಳುತ್ತದೆ. ನಾವು ಆ ಪಟ್ಟಿಯನ್ನೇ ಕಿತ್ತು ಮೂಟೆ ಕಟ್ಟುತ್ತೇವೆ. ಇದನ್ನು ಅವಳು ಜೀವಮಾನವಿಡೀ ಹೇಳಿದಳು.

ಒಮ್ಮೆ ಖಾರ್ತೂಮಿನಿಂದ ದೊಡ್ಡ ಅಧಿಕಾರಿಗಳು ಬಂದಿದ್ದರು. ಇವಳು ಸಂತೆಯಿಂದ ಸಕ್ಕರೆ ಪಾಕ ಹತ್ತಿಸಿದ ಕಡಲೆಬೀಜ ತಂದು ಒಬ್ಬೊಬ್ಬರ ಅಂಗೈಗೂ ಒಂದೊಂದು ಇಟ್ಟಳು. "ತಿನ್ಬೇಡಿ, ನೋಡಿ. ಒಳಗಿನ ಬೀಜ ಪ್ರೋಟೀನು ಅಂದ್ಕೊಳ್ಳಿ. ಮರದ ಜೀವಕೋಶ ಮೊದಲು ಇದನ್ನ ಮಾಡುತ್ತೆ. ಆಮೇಲೆ ಒಳಗೇ ಕೂರಿಸ್ಕೊಂಡು ಸಕ್ಕರೆ ಮೇಲೆ ಸಕ್ಕರೆ ಪೋಣಿಸುತ್ತೆ, ರೆಂಬೆ ರೆಂಬೆಯಾಗಿ. ಸಿಂಗಾರ ಮುಗಿದ ಮೇಲೇ ಹೊರಗಡೆ ಕೋಶದ ಗೋಡೆಗೆ ಕಳಿಸೋದು. ಬೇರು ಬೆಳೆಯೋಕೆ ಇದು ಬೇಕು, ಹೂವು ಕಾಯಿ ಕಟ್ಟೋಕೆ ಇದು ಬೇಕು. ಗಾಯ ಆದ್ರೆ ಅಲ್ಲಿಗೆ ಸುರಿಯೋದೂ ಇದನ್ನೇ" ಅಂದಳು. ತಲೆಯೆತ್ತಿ ನೋಡಿದರೆ — ಎಲ್ಲರ ಅಂಗೈ ಖಾಲಿ! ನಮ್ಮ ನಿರ್ದೇಶಕರು ಇನ್ನೊಂದಕ್ಕೆ ಕೈ ಚಾಚಿದ್ದರು.

ನಗಿ, ಪರವಾಗಿಲ್ಲ. ಅವಳೂ ನಕ್ಕಿದ್ದಳು.

ಹೋದ ವರ್ಷ ಮಾತ್ರ ನಗಲಿಲ್ಲ. ಅವಳ ಕೆಂಪು ತಟ್ಟೆಗಳು ನಿಮಗೆ ಗೊತ್ತು. ಕೆಂಪು ಬಣ್ಣ ಬೆರೆಸಿದ ತಟ್ಟೆಗೆ ಗೋಂದಿನ ಹನಿ ಬಿಟ್ಟರೆ, ಸಕ್ಕರೆ ತೊಟ್ಟ ಆ ಪ್ರೋಟೀನು ಇದ್ದಷ್ಟು ದೊಡ್ಡ ಉಂಗುರ ಕಟ್ಟುತ್ತದೆ. ಕೇಂದ್ರದ ತೋಪಿನ ಗೋಂದಿಗೆ ಉಂಗುರವೇ ಸರಿಯಾಗಿ ಕಟ್ಟಲಿಲ್ಲ. ಸಭೆಯಲ್ಲಿ ಎದ್ದು ನಿಂತಳು. "ಮರಗಳು ಸೋತಿವೆ. ಬರೀ ಸಕ್ಕರೆ ಇಳೀತಿದೆ, ಒಳಗೆ ಬೀಜ ಇಲ್ಲ. ಒಂದು ವರ್ಷ ಸುಮ್ನೆ ಬಿಟ್ಬಿಡಿ."

ನಿರ್ದೇಶಕರಿಂದ ಉತ್ತರ ಏನು ಬಂತು ಗೊತ್ತೇ? "ಕೂತ್ಕೊಳ್ಳಮ್ಮ ತಂಗಿ. ಗೋಂದು ಬರ್ತಿದೆಯೋ ಇಲ್ವೋ? ಬರ್ತಿದೆಯಲ್ಲ, ಮತ್ತೇನು?"

ಮತ್ತೆ ಎದ್ದಳು. ಮತ್ತೆ "ಕೂತ್ಕೋ." ತೋಪಿಗೆ ಸುಂಕಿ ಬಿತ್ತು. ಅರ್ಧ ಮರಗಳು ಇವತ್ತು ಸೌದೆಯಾಗಿ ನಿಂತಿವೆ, ಹೋಗಿ ನೋಡಿ.

ಈ ವರ್ಷ ಅವಳಿಗೆ ಎದೆ ನೋವು ಶುರುವಾಯಿತು. ವೈದ್ಯರು ವಿಶ್ರಾಂತಿ ಬೇಕೇಬೇಕು ಎಂದರು. ರಜೆ ಕೇಳಲು ನಿರ್ದೇಶಕರ ಕೋಣೆಗೆ ಹೋದಳು. ಬಾಗಿಲ ಹೊರಗೆ ನಾನಿದ್ದೆ, ನನ್ನ ಕಿವಿಯಾರೆ ಕೇಳಿದೆ — "ಕೆಲಸ ಚೆನ್ನಾಗೇ ಆಗ್ತಿದೆಯಲ್ಲಮ್ಮ, ಮತ್ತೇನು?" ಅದೇ ಮಾತು! ಮರಕ್ಕೆ ಹೇಳಿದ್ದೇ ಮನುಷ್ಯರಿಗೂ. ಹೊರಗೆ ಬಂದವಳು "ನನ್ನ ಉಂಗುರಾನೂ ಸರಿಯಾಗಿ ಕಟ್ತಿಲ್ಲ, ಅಣ್ಣಾ" ಅಂದಳು. ಮರುವಾರ ಆ ತಟ್ಟೆಗಳ ಮುಂದೆಯೇ ಕುಸಿದಳು.

ಹಾಜ್ಜಾ, ಕ್ಷಮಿಸಿ. ನಿಮ್ಮ ಮಗಳು ಜೀವ ಕೊಡಲಿಲ್ಲ. ಕಿತ್ತುಕೊಂಡರು.

ಈಗ ಆ ತೋಪಿಗೆ ಅವಳ ಹೆಸರಿನ ಹಲಗೆ ಹಾಕುತ್ತಾರಂತೆ. ಬಹಳ ಸಂತೋಷ. ಹಲಗೆ ಹಾಕಿದ ಮಾರನೆಯ ದಿನವೇ ಉಳಿದ ಮರಗಳಿಗೂ ಸುಂಕಿ ಹಾಕಲು ಆದೇಶವಾಗಿದೆ! ನಾಚಿಕೆ ಬೇಡವೇ?

ಸಾಕು. ಅಗಲಿದ ನಮ್ಮ ಸಿತ್ತನಾಳಿಗಾಗಿ ಈಗ ಎದ್ದು ನಿಂತು ಮೌನ ಆಚರಿಸೋಣ, ಆಮೇಲೆ ಕೈಯೆತ್ತಿ ಫಾತಿಹಾ ಓದೋಣ. ಆದರೆ ಆ ತೋಪಿನ ಮೇಲೆ ಈ ವರ್ಷ ಸುಂಕಿ ಎತ್ತುವುದಿಲ್ಲ, ಎತ್ತಿಸುವುದೂ ಇಲ್ಲ ಎನ್ನುವವರು ಮಾತ್ರ ಏಳಿ. ಉಳಿದವರು ಕೂತಿರಿ.

— ಹಾಂ, ಹಿಂದಿನ ಸಾಲುಗಳೆಲ್ಲ ಎದ್ದವು. ಹಾಜ್ಜಾ, ನಿಮ್ಮ ಮಂಡಿ ನೋವು, ನೀವು ಕೂತಿರಿ... ಏಳುತ್ತೀರಾ? ಯಾರಾದರೂ ಕೈ ಹಿಡಿದುಕೊಳ್ಳಿ.

ನಿರ್ದೇಶಕರೇ, ಅವಳು ಎದ್ದಾಗಲೆಲ್ಲ ಕೂತ್ಕೋ ಎಂದವರು ನೀವು. ನಾನು ಏಳಿ ಎನ್ನುತ್ತಿದ್ದೇನೆ. ನೀವು ಎದ್ದ ಮೇಲೆಯೇ ಮೌನ ಶುರು.

ಅಲ್ಲಿಯವರೆಗೆ ಈ ಮುದಿ ತಾಯಿಯೂ ನಿಂತೇ ಇರುತ್ತಾರೆ.