ಪರದೆ ಹಾಕಿ ಇರಲಿ

ಅಲ್ಲ ಅತ್ತಿಗೆ, ಹಾಗಲ್ಲ ಅದು! ನಾನೇನು ಆ ಕಂಪನಿ ಯಜಮಾನನಾ? ಅಲ್ಲಿ ಕೆಲಸ ಮಾಡ್ತಾನೆ ಅಂದ ಮಾತ್ರಕ್ಕೆ, ಈ ವಿಡಿಯೋ ಅಳಿಸಿಬಿಡಪ್ಪಾ ಅಂತ ಬಂದು ನಿಂತ್ರೆ... ಕೂತ್ಕೊಳ್ಳಿ ಮೊದಲು. ಆ ಕುರ್ಚಿ ಬೇಡ, ಅದರ ಕಾಲು ಅಲ್ಲಾಡುತ್ತೆ. ಮಂಚದ ಮೇಲೆ ಕೂತ್ಕೊಳ್ಳಿ. ಬಟ್ಟೆ ಆ ಕಡೆ ತಳ್ಳಿ, ಒಗೆದಿದ್ದೇ ಅದು, ಮಡಚೋಕೆ ಆಗಿಲ್ಲ ಅಷ್ಟೆ.

ಕಿಟಕಿನಾ? ತೆಗೀರಿ. ಡ್ಯೂಟಿ ಮುಗಿಸಿ ಬಂದ್ರೆ ನನಗೆ ಬೆಳಕು ಬೇಡ ಅನ್ಸುತ್ತೆ, ಅದಕ್ಕೇ ಮುಚ್ಚಿಟ್ಟಿರ್ತೀನಿ. ಟೀ ಇಡ್ಲಾ? ... ಬೇಡವಾ. ಸರಿ.

ಫೋನ್ ಕೊಡಿ ಇಲ್ಲಿ. ಎಲ್ಲಿ ರಿಪೋರ್ಟ್ ಮಾಡಿದ್ರಿ? ... ಹೂಂ, ಮೂರು ಚುಕ್ಕಿ ಒತ್ತಿ, ಅಲ್ಲಿಂದ ರಿಪೋರ್ಟ್. ಸರಿಯಾಗೇ ಮಾಡಿದ್ದೀರಲ್ಲ! ಯಾರು ಹೇಳ್ಕೊಟ್ರು? ... ಪುಟ್ಟಿನಾ? ಮಗಳ ಹತ್ರ ಯಾಕೆ ಕೇಳೋಕೆ ಹೋದ್ರಿ? ... ಏನೋ ಬೇರೆ ವಿಡಿಯೋ ಅಂತ ಹೇಳಿ ಕೇಳಿದ್ರಾ. ಸದ್ಯ!

ಇಲ್ಲ, ಹಾಕಲ್ಲ. ಹೆದರ್ಬೇಡಿ, ವಿಡಿಯೋ ಹಾಕಲ್ಲ ನಾನು. ತಗೊಳ್ಳಿ ಫೋನು. ನೀವು ನೋಡಿಲ್ಲ ತಾನೆ? ... ಒಳ್ಳೇದು. ನೋಡ್ಬೇಡಿ. ನಾನೂ ನೋಡಿಲ್ಲ. ಅಣ್ಣ ಆ ಹೋರ್ಡಿಂಗ್ ಮೇಲಿಂದ ಬೀಳೋದನ್ನ ನಾನ್ಯಾಕೆ ನೋಡ್ಲಿ? ಜಾಹೀರಾತಿನ ಬ್ಯಾನರ್ ಕಟ್ಟೋಕೆ ಹತ್ತಿದ, ಹಗ್ಗ ಬಿಟ್ಟೋಯ್ತು, ಬಿದ್ದ, ಹೋದ. ಅಷ್ಟು ಗೊತ್ತಲ್ಲ ನಮಗೆ, ಸಾಕು. ಕೆಳಗೆ ನಿಂತು ಫೋನ್ ಹಿಡಿದವನಿಗೆ ಬೇಕಿತ್ತು ಅದು, ನಮಗೆ ಯಾಕೆ?

ಗೊತ್ತು, ಗೊತ್ತು. ಪುಟ್ಟಿ ವಿಷಯ ಗೊತ್ತು ನನಗೆ. ಕ್ಲಾಸಿನ ಹುಡುಗಿ ಒಬ್ಬಳು 'ನಿಮ್ಮಪ್ಪನ್ನ ಫೋನಲ್ಲಿ ನೋಡ್ದೆ' ಅಂದ್ಲು ಅಂತ ನೀವು ಹೇಳಿದಾಗಿಂದ ನನಗೂ ಅದೇ ಯೋಚನೆ. ಇವತ್ತಲ್ಲ ನಾಳೆ ಅವಳ ಕಣ್ಣಿಗೂ ಬೀಳುತ್ತೆ. ಅವಳಿಗೂ ಅಕೌಂಟ್ ಇದೆಯಲ್ಲ. ಊರಿಗೆ ಬಂದೋಳು ನೀರಿಗೆ ಬರ್ದೇ ಇರ್ತಾಳಾ? ಅದಕ್ಕೆ ಮುಂಚೆ ಅದು ಹೋಗ್ಬೇಕು. ಹೋಗ್ಲೇಬೇಕು. ನಾನು ಬೇಡ ಅಂದ್ನಾ?

ಆದ್ರೆ ಅದು ನಡೆಯೋ ರೀತಿ ಬೇರೆ, ಅತ್ತಿಗೆ. ಹೇಳ್ತೀನಿ ಕೇಳಿ. ನೋಡಿ, ಈ ವಿಡಿಯೋ ಸೈಟಿಗೆ ಕಣ್ಣಿಲ್ಲ. ನೀವು ಖುಷಿಯಿಂದ ನೋಡಿದ್ರಾ, ಅಳ್ತಾ ನೋಡಿದ್ರಾ, ಅದಕ್ಕೆ ಗೊತ್ತಾಗಲ್ಲ. ಎಷ್ಟು ಹೊತ್ತು ನಿಂತು ನೋಡಿದ್ರಿ, ಅದೊಂದೇ ಲೆಕ್ಕ. ನಿಂತ್ರಿ ಅಂದ್ರೆ ನಿಮಗಿದು ಇಷ್ಟ ಅಂದ್ಕೊಳ್ಳುತ್ತೆ, ನಿಮ್ಮ ನೆಂಟರಿಗೂ ತೋರಿಸುತ್ತೆ. ಆ ಅಳೋ ಮುಖ ಇರುತ್ತಲ್ಲ, ಕಣ್ಣೀರಿಂದು, ಅದನ್ನ ಒತ್ತಿದ್ರೂ ಅದಕ್ಕೆ ಸಂಭ್ರಮವೇ. ನಿಮ್ಮ ತಮ್ಮ ಏನು ಮಾಡಿದ್ರು ಗೊತ್ತಾ? ಅದರ ಕೆಳಗೆ ಉದ್ದಕ್ಕೆ ಬೈದು ಬರೆದ್ರು. 'ನಾಚಿಕೆ ಆಗಲ್ವಾ, ತೆಗೀರಿ ಇದನ್ನ' ಅಂತ. ಅದಕ್ಕೆ ಇನ್ಯಾರೋ ಉತ್ತರ, ಅದಕ್ಕೆ ಇವರು ಮತ್ತೆ ಉತ್ತರ. ಬೆಂಕಿಗೆ ತುಪ್ಪ ಸುರಿದ ಹಾಗಾಯ್ತು. ಮಲಗಿದ್ದ ವಿಡಿಯೋ ಎದ್ದು ಕೂತ್ಕೊಂಡು ಊರೆಲ್ಲಾ ಸುತ್ತೋಕೆ ಶುರು ಮಾಡ್ತು. ಪಾಪ, ಅವರಿಗೇನು ಗೊತ್ತು... ಹೇಳ್ಬೇಡಿ ಅವರಿಗೆ. ಬೇಜಾರು ಮಾಡ್ಕೋತಾರೆ.

ಹಾಂ, ನನ್ನ ಕೆಲಸ. ನೀವು ಅಂದ್ಕೊಂಡಿರೋದು ನಾನೇನೋ ಕಂಪ್ಯೂಟರ್ ಎಂಜಿನಿಯರ್ ಅಂತ. ಅಣ್ಣನೂ ಎಲ್ಲರಿಗೂ ಹಾಗೇ ಹೇಳ್ಕೊಂಡು ತಿರುಗ್ತಿದ್ದ. 'ನನ್ನ ತಮ್ಮ ಆ ದೊಡ್ಡ ಸೈಟಲ್ಲಿದ್ದಾನೆ' ಅಂತ. ಸೈಟಲ್ಲೂ ಇಲ್ಲ ನಾನು. ಅವರು ಈ ಕೆಲಸಾನ ಇನ್ನೊಬ್ಬರಿಗೆ ಗುತ್ತಿಗೆ ಕೊಟ್ಟಿದ್ದಾರೆ, ಆ ಇನ್ನೊಬ್ಬರ ಹತ್ರ ನಾನು. ದೇವರು ವರ ಕೊಟ್ರೂ ಪೂಜಾರಿ ಕೊಡಲ್ಲ ಅಂತಾರಲ್ಲ, ಇಲ್ಲಿ ಪೂಜಾರಿಗೆ ದೇವರ ಮುಖವೇ ಗೊತ್ತಿಲ್ಲ.

ಒಂದು ದೊಡ್ಡ ಹಾಲ್. ಸಾಲಾಗಿ ಮೇಜು. ಒಳಗೆ ಹೋಗೋ ಮುಂಚೆ ಫೋನು, ಪೆನ್ನು, ಎಲ್ಲಾ ಲಾಕರಲ್ಲಿಟ್ಟು ಬೀಗ ಹಾಕ್ಬೇಕು. ಕೂತ್ರೆ ಸಾಕು, ಜನ ರಿಪೋರ್ಟ್ ಮಾಡಿದ್ದೆಲ್ಲಾ ಒಂದರ ಹಿಂದೆ ಒಂದು ಬರ್ತಾ ಇರುತ್ತೆ. ಆರಿಸ್ಕೊಳ್ಳೋ ಹಾಗಿಲ್ಲ, ಹುಡುಕೋ ಹಾಗಿಲ್ಲ. ಬಂದಿದ್ದನ್ನ ನೋಡು, ಒತ್ತು. ಮೂರೇ ಗುಂಡಿ. ಡಿಲೀಟ್. ಇರಲಿ. ಪರದೆ ಹಾಕಿ ಇರಲಿ. ಒತ್ತಿದ ತಕ್ಷಣ ಮುಂದಿನದು. ಬೈಗುಳ, ಜಗಳ, ಬೆತ್ತಲೆ, ನಾಯಿಗೆ ಹೊಡೆಯೋದು, ಹೆಂಡತಿಗೆ ಹೊಡೆಯೋದು, ಆಮೇಲೆ ಯಾರದ್ದೋ ಮಗೂದು ಹುಟ್ಟುಹಬ್ಬ, ಅದನ್ನ ಯಾಕೆ ರಿಪೋರ್ಟ್ ಮಾಡಿದ್ರೋ! ಹೊಟ್ಟೆಕಿಚ್ಚು ಇರಬೇಕು.

ಯಾಕೆ ನಗ್ತೀರಾ? ... ನಗಿ, ನಗಿ. ನಗು ನೋಡಿ ಎಷ್ಟು ದಿನ ಆಯ್ತು.

ಇನ್ನೂ ಇದೆ ಕೇಳಿ. ಆ ಹಾಲ್ ಪಕ್ಕ ಒಂದು ರೂಮಿದೆ, ಮನಸ್ಸು ಹಗುರ ಮಾಡ್ಕೊಳ್ಳೋ ರೂಮು. ನೆಲದ ಮೇಲೆ ದಪ್ಪ ದಪ್ಪ ದಿಂಬು, ಚಿಕ್ಕಮಕ್ಕಳ ಬಣ್ಣದ ಪೆನ್ಸಿಲ್ಲು, ನವಿಲು ಹೂವು ಬರೆದಿರೋ ಪುಸ್ತಕ. ತಲೆ ಕಡಿದಿರೋದು ನೋಡಿ ಬಂದು ನವಿಲಿಗೆ ನೀಲಿ ಬಣ್ಣ ತುಂಬಬೇಕು. ಒಬ್ಬ ಮೇಡಂ ಬರ್ತಾರೆ, ಒಳ್ಳೇವರು, 'ಹೇಗನ್ನಿಸ್ತಿದೆ?' ಅಂತ ಕೇಳ್ತಾರೆ. ಏನೂ ಅನ್ನಿಸ್ತಿಲ್ಲ ಮೇಡಂ ಅಂತೀನಿ. ಅವರು ಅದನ್ನ ಬರ್ಕೊಳ್ತಾರೆ.

ನಿಜವಾಗ್ಲೂ ಏನೂ ಅನ್ಸಲ್ಲ. ಚಕ್ಕಳಮಕ್ಕಳ ಹಾಕಿ ತುಂಬಾ ಹೊತ್ತು ಕೂತ್ರೆ ಕಾಲು ಮರಗಟ್ಟುತ್ತಲ್ಲ, ಹಾಗೆ. ಕಾಲಿದೆ, ನಂದೇ ಕಾಲು, ಗಿಲ್ಲಿದ್ರೆ ಗೊತ್ತಾಗಲ್ಲ. ಅವತ್ತು ನೀವು ನಿಮ್ಮ ಅಕ್ಕನ ಹತ್ರ ಹೇಳಿದ್ರಲ್ಲ, ಒಡಹುಟ್ಟಿದ ಅಣ್ಣ ಹೋಗಿದ್ದಾನೆ, ಇವನ ಕಣ್ಣಲ್ಲಿ ಒಂದು ಹನಿ ನೀರಿಲ್ಲ ಅಂತ... ಕೇಳಿಸ್ತು ನನಗೆ. ಬಾಗಿಲ ಹಿಂದೇನೇ ಇದ್ದೆ. ಬೇಜಾರಿಲ್ಲ ಅತ್ತಿಗೆ, ಸುಳ್ಳೇನು ಹೇಳಿಲ್ಲ ನೀವು. ನನಗೂ ಆಶ್ಚರ್ಯವೇ. ಅಪ್ಪ ಹೋದ್ಮೇಲೆ ನನ್ನ ಸಾಕಿದ್ದೇ ಅವನು. ಅತ್ತರೆ ಎಷ್ಟು ಚೆನ್ನಾಗಿರುತ್ತೆ ಅಂದ್ಕೊಂಡು ಬಾತ್‌ರೂಮಿಗೆ ಹೋಗಿ ನಿಂತೆ, ನಲ್ಲಿ ಬಿಟ್ಕೊಂಡು. ಬರಲಿಲ್ಲ. ನಲ್ಲಿ ನಿಲ್ಲಿಸಿ ಆಚೆ ಬಂದೆ.

ಇರ್ಲಿ ಬಿಡಿ ಅದು. ಏನು ಕೇಳಿದ್ರಿ? ... ಯಾವುದಕ್ಕೆ ಯಾವ ಗುಂಡಿ ಅಂತ ಹೇಗೆ ಗೊತ್ತಾಗುತ್ತೆ ಅಂತಾನಾ? ನಿಯಮ ಇದೆ. ಮೇಲಿನವರು ಬರೆದು ಕಳಿಸ್ತಾರೆ, ಆಗಾಗ ತಿದ್ದುತ್ತಾರೆ. ನಮ್ಮ ತಲೆ ಓಡಿಸೋ ಹಾಗಿಲ್ಲ. ಅಪಘಾತಕ್ಕೂ ಇದೆ. ಹಾವು ಕಚ್ಚಿದ್ದು, ಬಸ್ಸಿಗೆ ಸಿಕ್ಕಿದ್ದು, ಮೇಲಿಂದ ಬಿದ್ದಿದ್ದು, ಎಲ್ಲಾ ಒಂದೇ ಲೆಕ್ಕ. ಮನುಷ್ಯ ಸತ್ತು ಬಿದ್ದಿರೋದು ಕಂಡ್ರೆ ಡಿಲೀಟ್. ಮನೆಯವರಿಗೆ ನೋವಾಗುತ್ತಲ್ಲ, ಅದಕ್ಕೆ. ಜೀವ ಇದೆ ಅಂತ ಕಂಡ್ರೆ ಡಿಲೀಟ್ ಮಾಡೋ ಹಾಗಿಲ್ಲ, ಪರದೆ ಹಾಕಿ ಇರಲಿ. ಬೂದು ಬಣ್ಣದ್ದು ಬರುತ್ತೆ, 'ಮನಸ್ಸಿಗೆ ನೋವಾಗಬಹುದು' ಅಂತ ಬರೆದಿರುತ್ತೆ, ಬೇಕಾದವರು ಒತ್ತಿ ನೋಡ್ಬೇಕು. ಯಾಕೆ ಇಟ್ಕೋಬೇಕು ಅಂದ್ರೆ, ಯಾರಾದ್ರೂ ನೋಡಿ ಸಹಾಯಕ್ಕೆ ಓಡಿ ಬರಬಹುದಂತೆ. ಎಲ್ಲೋ ಏಸಿ ರೂಮಲ್ಲಿ ಕೂತು ಬರೆದಿದ್ದು!

ಹೂಂ, ಇದಕ್ಕೂ ಅದೇ ಪರದೆ. ನೀವು ನೋಡಿದ್ದೀರಲ್ಲ, ಬೂದು ಬಣ್ಣದ್ದು, ಅದೇ. ಒಂದ್ಸಲ ಒಬ್ಬರು ನೋಡಿ ಒತ್ತಿಬಿಟ್ರೆ ಮುಗೀತು, ಆಮೇಲೆ ಎಷ್ಟು ಜನ ರಿಪೋರ್ಟ್ ಮಾಡಿದ್ರೂ ಹಳೇ ತೀರ್ಪೇ ವಾಪಸ್ ಬರುತ್ತೆ, 'ನಾವು ಪರಿಶೀಲಿಸಿದ್ದೇವೆ, ನಿಯಮದ ಪ್ರಕಾರ ಸರಿಯಾಗಿದೆ' ಅಂತ. ನಿಮಗೂ ಅದೇ ಬಂದಿರೋದು. ಅದಕ್ಕೇ ಹೇಳಿದ್ದು, ನನ್ನ ಕೈಲಿ...

ಏನು?

ಯಾಕೆ ಹಾಗೆ ನೋಡ್ತಿದ್ದೀರಾ ಅತ್ತಿಗೆ? ಏನಂದೆ ನಾನು?

... ಅಯ್ಯೋ, ಇಲ್ಲ! ಇಲ್ಲ ಇಲ್ಲ. ಅದನ್ನ ಹಾಗೆ ಜೋಡಿಸ್ಕೊಳ್ಳಬೇಡಿ. ಪರದೆ ಇದೆ ಅಂದ ಮಾತ್ರಕ್ಕೆ ಅಣ್ಣ... ಇಲ್ಲ. ಬಿದ್ದ ಕ್ಷಣಕ್ಕೇ ಹೋದ ಅವನು. ನೋವೇ ಗೊತ್ತಾಗಲಿಲ್ಲ. ಡಾಕ್ಟರ್ ಹೇಳಿದ್ದನ್ನ ನಾನೇ ಬಂದು ಹೇಳಿದ್ನಲ್ಲ ನಿಮಗೆ. ... ಹೌದು, ಡಾಕ್ಟರ್ ಹತ್ರ ಒಳಗೆ ಹೋಗಿದ್ದು ನಾನೊಬ್ಬನೇ. ಅದಕ್ಕೇನೀಗ? ನೀವು ನಿಲ್ಲೋ ಸ್ಥಿತೀಲಿ ಇದ್ರಾ?

ನೋಡಿದವನು ತಪ್ಪು ತಿಳ್ಕೊಂಡಿರ್ತಾನೆ. ಅಷ್ಟೇ ವಿಷಯ. ಎಷ್ಟೊಂದು ಬರುತ್ತೆ ದಿನಕ್ಕೆ, ಬೇಗ ಬೇಗ ಓಡಿಸ್ಕೊಂಡು ನೋಡ್ತಾರೆ, ಕಣ್ಣು ಮಂಜಾಗಿರುತ್ತೆ. ರಸ್ತೆ ಪಕ್ಕ ಗಾಳಿ ಬೀಸ್ತಿರುತ್ತೆ, ಬ್ಯಾನರ್ ಬಟ್ಟೆ ಪಟಪಟ ಅಂತಿರುತ್ತೆ, ಅದು ನೋಡಿ ಮನುಷ್ಯ ಆಡಿದ ಹಾಗೆ ಕಂಡಿರುತ್ತೆ. ಬೆರಳು ಮಡಚಿ ಬಿಚ್ಚಿ, ಮಡಚಿ ಬಿಚ್ಚಿ ಮಾಡಿದ್ರೆ ಅದು ಜೀವ ಅಂತಲೇ ಅಲ್ಲ ಅತ್ತಿಗೆ, ನರ ಎಳೆಯುತ್ತೆ, ಸತ್ತ ಮೇಲೂ ಕೆಲವರಿಗೆ...

... ...

ಬೆರಳಿನ ವಿಷಯ ನನಗೆ ಹೇಗೆ ಗೊತ್ತು ಅಂತಾನಾ?

ಬೈರಿ ಬೇಕಾದ್ರೆ. ಹೊಡೀರಿ.

... ಹೂಂ. ನನಗೇ ಬಂದಿದ್ದು ಅದು.

ನಮ್ಮ ಭಾಷೇದು ನಮ್ಮ ಸಾಲಿಗೇ ಬರೋದು, ಅತ್ತಿಗೆ. ನಾವಿರೋದೇ ಕೆಲವರು. ಅವತ್ತು ನೀವು ನನಗೆ ಫೋನ್ ಮೇಲೆ ಫೋನ್ ಮಾಡ್ತಿದ್ರಲ್ಲ, ಅದು ಲಾಕರಲ್ಲಿ ಹೊಡ್ಕೊಳ್ತಿತ್ತು. ಒಳಗೆ ಕಂಪ್ಯೂಟರಲ್ಲಿ ನನ್ನ ಮುಂದೆ ಅಣ್ಣ ಬಂದಿದ್ದ. ಗುರುತು ಸಿಗಲಿಲ್ಲ. ದೇವರಾಣೆ ಸಿಗಲಿಲ್ಲ. ಹೆಲ್ಮೆಟ್ ಮೂಗಿನವರೆಗೂ ಜಾರಿತ್ತು. ಆ ಕೆಲಸಕ್ಕೆ ಎಲ್ಲರೂ ಹಾಕೋ ಜಾಕೆಟ್ಟು. ನಾವು ಮುಖ ನೋಡಲ್ಲ ಅತ್ತಿಗೆ, ಅದು ಅಭ್ಯಾಸ ಆಗಿಬಿಡುತ್ತೆ, ಮುಖ ನೋಡಿದ್ರೆ ಊಟ ಸೇರಲ್ಲ. ಕೈ ನೋಡ್ತೀವಿ. ಆಡ್ತಿದೆಯಾ, ಇಲ್ವಾ. ಅಷ್ಟೇ ಬೇಕಾಗಿರೋದು. ಆಡ್ತಿತ್ತು. ಒತ್ತಿದೆ. ಮುಂದಿನದು ಬಂತು.

ಆಸ್ಪತ್ರೆಯಲ್ಲಿ ಅವನ ಜಾಕೆಟ್ಟು ನಿಮ್ಮ ಕೈಗೆ ಕೊಟ್ರಲ್ಲ, ಬೆನ್ನಿನ ಬಿಳಿ ಪಟ್ಟಿ ಅರ್ಧ ಕಿತ್ತು ನೇತಾಡ್ತಿತ್ತಲ್ಲ. ಆಗ ಗೊತ್ತಾಯ್ತು. ಈ ಪಟ್ಟಿ ನೋಡಿದ್ದೀನಲ್ಲ ನಾನು ಅಂತ... ಡಾಕ್ಟರ್ ಹೇಳಿದ್ದು ಇಷ್ಟೇ: ತರೋ ಹೊತ್ತಿಗೆ ಹೋಗಿದ್ರು. ಉಳಿದಿದ್ದು ನಾನು ಸೇರಿಸಿದ್ದು. ಬಿದ್ದ ಕ್ಷಣಕ್ಕೇ, ನೋವೇ ಗೊತ್ತಾಗಲಿಲ್ಲ ಅನ್ನೋದೆಲ್ಲಾ ನಂದೇ. ನಿಮಗೆ ನಿದ್ದೆ ಬರ್ಲಿ ಅಂತ.

ಹೇಳ್ಬೇಕಿತ್ತು. ಸೂಪರ್‌ವೈಸರ್ ಹತ್ರ ಹೋಗಿ, ಸಾರ್, ಅವನು ಉಳಿಲಿಲ್ಲ, ಅವನು ನನ್ನ ಅಣ್ಣ, ನಾನೇ ಒತ್ತಿದ್ದು, ತೆಗೆಸಿ ಅಂತ ಒಂದು ಮಾತು. ಒಂದೇ ಮಾತು ಸಾಕು. ದಿನಾ ಬೆಳಿಗ್ಗೆ ಹೇಳ್ತೀನಿ ಅಂತಲೇ ಹೋಗ್ತೀನಿ. ಬಾಯಿ ಬರಲ್ಲ. ನೀವು ಬಾಗಿಲು ತಟ್ಟಿದಾಗಲೂ, ಇವತ್ತು ಕೇಳ್ತಾರೆ, ಏನೋ ಕಥೆ ಹೇಳಿ ಕಳಿಸಿಬಿಡೋಣ ಅಂತಲೇ ಇದ್ದೆ.

ನಾಳೆ ಹೇಳ್ತೀನಿ. ನಿಜವಾಗ್ಲೂ. ನಾಳೆ ಪುಟ್ಟಿ ಸ್ಕೂಲಿಂದ ಬರೋ ಹೊತ್ತಿಗೆ ಇರಲ್ಲ ಅದು. ಅದಕ್ಕೇ ತಾನೆ ನೀವು ಬಂದಿದ್ದು? ತೆಗೆಸ್ತೀನಿ...

ತೆಗೆಸ್ಲಾ?

... ಅತ್ತಿಗೆ, ಕೇಳಿಸ್ತಾ? ತೆಗೆಸ್ಲಾ ಅಂದೆ.

ಫೋನು... ಫೋನ್ ಕೊಡಿ ಇಲ್ಲಿ. ಬೇಡ. ಆ ಪರದೆ ಒತ್ತಬೇಡಿ. ಇಷ್ಟು ದಿನ ನೋಡಿಲ್ಲ ಅಲ್ವಾ ನೀವು, ಪುಟ್ಟಿಗೂ ಕಾಣಬಾರದು ಅಂತ ಬಂದೋರು... ಅದರಲ್ಲಿ ಏನೂ ಇಲ್ಲ ಅತ್ತಿಗೆ, ಬರೀ ಕೈ. ಬರೀ ಅವನ ಕೈ ಆಡೋದು, ಅಷ್ಟೆ.

... ...

ಸರಿ. ಒಬ್ಬರೇ ನೋಡ್ಬೇಡಿ. ಸ್ವಲ್ಪ ಜರುಗಿ ಆ ಕಡೆ. ನಾನೂ ಕೂತ್ಕೋತೀನಿ.