ಒರಗಲು ಒಂದು ಬೆನ್ನು

ಊರಿಗೆಲ್ಲ ಕುರ್ಚಿ ಮಾರಿ ಇವತ್ತು ತಾವೇ ಒಂದು ಕುರ್ಚಿ ಏರಿರುವ ಸನ್ಮಾನ್ಯ ಅಧ್ಯಕ್ಷರೇ, ಇಲ್ಲಿರುವ ಅರ್ಧ ಜನರ ಒಳಗುಟ್ಟನ್ನು ಸ್ಕ್ಯಾನ್ ಮಾಡಿಯೇ ಬಲ್ಲ ಮುಖ್ಯ ಅತಿಥಿಗಳಾದ ಡಾಕ್ಟರಮ್ಮನವರೇ, ಬಸುರಿಯರ ಈ ತರಗತಿಯನ್ನು ಒಂದು ವಿಷಲ್‌ನ ಬಲದ ಮೇಲೆ ನಡೆಸಿಕೊಂಡು ಬಂದಿರುವ ನಮ್ಮ ಸಿಸ್ಟರ್ ಅವರೇ, ಇಂದಿನ ಸನ್ಮಾನಿತರೇ, ಅಂದರೆ ಅಪ್ಪಾ, ಹಡೆದವರೇ, ಹಡೆಯಲಿರುವವರೇ, ಹಡೆಯದೆಯೇ ತಾಯಂದಿರಾದವರೇ, ಮತ್ತು ಈ ಯಾವ ಗುಂಪಿಗೂ ಸೇರದೆ ಕೇವಲ ಕಾಫಿಯ ಮೇಲಿನ ಅಭಿಮಾನದಿಂದ ಬಂದಿರುವ ಸಭಿಕರೇ,

ನನಗೆ ಕೊಟ್ಟಿರುವ ವಿಷಯ ‘ಒಂಟಿ ತಾಯಂದಿರಿಗೆ ಕೆಲವು ಕಿವಿಮಾತು’. ಕಿವಿಮಾತನ್ನು ಮೈಕಿನಲ್ಲಿ ಹೇಳಿ ಅಂತ ಕರೆಸಿದ್ದಾರೆ. ನಾನು ಕಾಲೇಜಿನಲ್ಲಿ ತರ್ಕಶಾಸ್ತ್ರ ಕಲಿಸುವವಳು. ಇಂಥದ್ದು ಕಂಡರೆ ಸುಮ್ಮನಿರಲಾಗುವುದಿಲ್ಲ. ಆದರೆ ಮುಂದಿನ ಸಾಲಿನಲ್ಲಿ ಕಾಲು ಆಡಿಸುತ್ತ ಕೂತಿರುವ ನನ್ನ ಮಗಳು ಹೊರಡುವಾಗಲೇ ಎಚ್ಚರಿಸಿದ್ದಾಳೆ: “ಅಮ್ಮಾ, ಅಲ್ಲೂ ಕ್ಲಾಸ್ ತಗೋಬೇಡ. ಸುಮ್ನೆ ಮಾತಾಡು.”

ಸುಮ್ಮನೆ ಮಾತಾಡುತ್ತೇನೆ.

ಮೊದಲು ಒಂದು ಕ್ಷಮೆ. ಕುರ್ಚಿ ಅಂಗಡಿಯ ಮೇಲ್ಮಹಡಿಯಲ್ಲಿ ನಡೆಯುವ ಸಭೆಗೇ ಕುರ್ಚಿ ಸಾಲದೆ ಹೋಗಿದೆ. ಬಾಗಿಲ ಪಕ್ಕ ಬೆಂಚು ಹಾಕಿದ್ದಾರೆ, ಅದಕ್ಕೆ ಒರಗು ಇಲ್ಲ. ಅಲ್ಲಿ ಹಸಿರು ಸ್ವೆಟರ್ ಹಾಕಿಕೊಂಡ ತಂಗಿಯೊಬ್ಬಳು ಕೂತಿದ್ದಾಳೆ. ದಯವಿಟ್ಟು ಯಾರೂ ತಿರುಗಿ ನೋಡಬೇಡಿ. ನೋಡಬೇಡಿ ಅಂದೆ! ತಂಗೀ, ನೀನು ಒಬ್ಬಳೇ ಬಂದದ್ದನ್ನು ನೋಡಿದೆ. ಬಂದಾಗಿನಿಂದ ಚೀಲ ಹೆಗಲಿಂದ ಇಳಿಸಿಲ್ಲ, ಕಣ್ಣು ಬಾಗಿಲ ಮೇಲಿಂದ ಕದಲಿಲ್ಲ. ಇನ್ನು ಸ್ವಲ್ಪ ಹೊತ್ತು ಕೂತಿರು. ಈ ಭಾಷಣದಲ್ಲಿ ಕೆಲಸಕ್ಕೆ ಬರುವ ಭಾಗ ಏನಾದರೂ ಇದ್ದರೆ ಅದು ನಿನಗೆ. ಉಳಿದದ್ದು ಕಾಫಿಯವರಿಗೆ.

ಒಂಟಿ ತಾಯಿ ಅಂದ ತಕ್ಷಣ ಜನ ನನ್ನನ್ನು ಒಂಟೆಯ ಹಾಗೆ ನೋಡುತ್ತಿದ್ದರು. ಒಂಟೆಗೆ ಡುಬ್ಬ ಬೆನ್ನ ಮೇಲೆ, ನನಗೆ ಮುಂದುಗಡೆ, ವ್ಯತ್ಯಾಸ ಅಷ್ಟೇ. ನನಗಾಗ ಮೂವತ್ತೊಂಬತ್ತು. ಮದುವೆ ಆಗಿರಲಿಲ್ಲ, ಆಗುವ ಅವಸರವೂ ಇರಲಿಲ್ಲ. ಮಗು ಮಾತ್ರ ಬೇಕಿತ್ತು. ಇಲ್ಲಿ ಕೂತಿರುವ ಡಾಕ್ಟರಮ್ಮನವರ ನೆರವಿನಿಂದ ಬಸುರಿಯಾದೆ. ತರ್ಕಬದ್ಧವಾಗಿ ಯೋಚಿಸಿ, ಸಾಧಕ ಬಾಧಕ ತೂಗಿ, ನಿರ್ಧಾರ ಮಾಡಿ, ಕೊನೆಗೆ ಮನೆಗೆ ಹೋಗಿ ಅಪ್ಪನಿಗೆ ಹೇಳಿದೆ. ತರ್ಕ ಅಲ್ಲಿಗೆ ಮುಗಿಯಿತು.

ನಮ್ಮ ಅಪ್ಪ ಬಸ್ ಕಂಡಕ್ಟರ್ ಆಗಿದ್ದವರು. ಬಸ್ಸಿನವರ ಮಗಳು ಬಸುರಿಯಾದದ್ದರಲ್ಲಿ ಒಂದು ಪ್ರಾಸವಾದರೂ ಇತ್ತು, ಅವರಿಗೆ ಅದೂ ಹಿಡಿಸಲಿಲ್ಲ. ಮಡಚುತ್ತಿದ್ದ ಅಂಗಿಯನ್ನು ಹಾಗೇ ಹಿಡಿದು ನಿಂತರು. ಆಮೇಲೆ ಒಂದೇ ಮಾತು ಹೇಳಿದರು:

“ಟಿಕೆಟ್ ಇಲ್ದೆ ಹತ್ತಿದೀಯ.”

ಅವತ್ತಿನಿಂದ ಮಾತು ಬಂದ್. ಇಬ್ಬರೇ ಇರುವ ಮನೆಯಲ್ಲಿ ಮಾತು ಬಿಡುವುದು ಬಲು ಕಷ್ಟದ ಕಲೆ. ಜಗಳ ಮುಂದುವರಿಸಲಿಕ್ಕೂ ಮೂರನೆಯವರು ಬೇಕು. ಅಪ್ಪ ಆ ಕೆಲಸಕ್ಕೆ ರೇಡಿಯೋವನ್ನು ನೇಮಿಸಿಕೊಂಡರು. “ಕೆಲವರಿಗೆ ಹಾಲು ಕುಡಿ ಅಂತಾನೂ ಹೇಳ್ಬೇಕು ನೋಡಪ್ಪ,” ಅಂತ ವಾರ್ತೆ ಓದುವವನಿಗೆ ಹೇಳುತ್ತಿದ್ದರು. ನಾನೂ ಬಿಡಲಿಲ್ಲ. “ಕುಡಿದಾಯ್ತು ಅಂತ ತಿಳಿಸಿಬಿಡಿ,” ಅಂತ ಅದೇ ವಾರ್ತೆಯವನಿಗೆ ಹೇಳುತ್ತಿದ್ದೆ. ಪಾಪ, ಅವನು ಹವಾಮಾನ ಓದಿಕೊಂಡು ಹೋಗುತ್ತಿದ್ದ. ನಮ್ಮ ಮನೆಯ ಹವಾಮಾನ ಅವನಿಗೇನು ಗೊತ್ತು?

ಆ ದಿನಗಳಲ್ಲೇ ಈ ತರಗತಿಗೆ ಸೇರಿದೆ. ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಇಲ್ಲಿನ ಮುಖ್ಯ ಪಾಠ ಬಹಳ ಸರಳ. ನೆಲದ ಮೇಲೆ ಚಾಪೆ, ಚಾಪೆಯ ಮೇಲೆ ಬಸುರಿ, ಬಸುರಿಯ ಬೆನ್ನಿಗೆ ಬೆನ್ನು ತಾಗಿಸಿ ಅವಳ ಜೊತೆಗಾರ. ಇಬ್ಬರೂ ಒಬ್ಬರಿಗೊಬ್ಬರು ಒರಗಿಕೊಂಡು, ಒಬ್ಬರ ಉಸಿರು ಇನ್ನೊಬ್ಬರಿಗೆ ತಿಳಿಯುವ ಹಾಗೆ ಉಸಿರಾಡಬೇಕು. ಹೆಚ್ಚಿನವರಿಗೆ ಗಂಡಂದಿರಿದ್ದರು. ಒಬ್ಬಳಿಗೆ ಅಕ್ಕ, ಇನ್ನೊಬ್ಬಳಿಗೆ ಅತ್ತೆ. ನಾನು ಹೋಗಿ ಗೋಡೆಗೆ ಒರಗಿದೆ.

“ಗೋಡೆ ಉಸಿರಾಡಲ್ಲಮ್ಮ,” ಅಂದರು ಸಿಸ್ಟರ್.

“ಎದುರು ಮಾತೂ ಆಡಲ್ಲ ಸಿಸ್ಟರ್,” ಅಂದೆ.

ಎಲ್ಲರೂ ನಕ್ಕರು, ನಾನೂ ನಕ್ಕೆ. ತಂಗೀ, ನಿನಗೆ ಮೊದಲ ಕಿವಿಮಾತು ಇಲ್ಲೇ ಇದೆ: ನಗಿಸುವುದು ಬಂದರೆ ಎಲ್ಲವನ್ನೂ ಸಂಭಾಳಿಸಬಹುದು ಅಂದುಕೊಳ್ಳಬೇಡ. ನಗಿಸಿ ಮನೆಗೆ ಬಂದ ಮೇಲೆ ಬೆನ್ನು ಮಾತ್ರ ತಣ್ಣಗೆ ಕೊರೆಯುತ್ತಿತ್ತು. ಗೋಡೆಗೆ ಸುಣ್ಣ ಬೇರೆ ಹೊಸದು. ನನ್ನ ಬೆನ್ನ ಮೇಲೆ ಅದರ ಅರ್ಧ ಬಂದಿತ್ತು. ಆ ಸುಣ್ಣವನ್ನು ಅಪ್ಪ ನೋಡಿದರು. ರೇಡಿಯೋಗೆ ಅವತ್ತು ಏನೂ ಹೇಳಲಿಲ್ಲ.

ಮುಂದಿನ ತರಗತಿ ನಡೆಯುತ್ತಿರುವಾಗ ಈ ಬಾಗಿಲಲ್ಲಿ ಒಬ್ಬರು ಬಂದು ನಿಂತರು. ನಮ್ಮಪ್ಪ! ಜಗಳಕ್ಕೇ ಬಂದರು ಅಂತ ನನ್ನ ಜೀವ ಬಾಯಿಗೆ ಬಂತು. ಅವರು ಬಾಯಿ ತೆಗೆಯುವ ಮೊದಲೇ ಸಿಸ್ಟರ್ ವಿಷಲ್ ಊದಿ, “ಲೇಟು! ಚಪ್ಪಲಿ ಹೊರಗೆ, ಬೆನ್ನು ಇಲ್ಲಿ!” ಅಂತ ಗದರಿದರು. ಜೀವನವಿಡೀ ಬೇರೆಯವರಿಗೆ ವಿಷಲ್ ಊದಿದ ಮನುಷ್ಯ ಅದಕ್ಕೆ ಇಷ್ಟು ಬೇಗ ಬಗ್ಗುತ್ತಾರೆ ಅಂತ ನಾನು ಎಣಿಸಿರಲಿಲ್ಲ. ಚಪ್ಪಲಿ ಬಿಟ್ಟು, ಬಂದು, ನನಗೆ ಬೆನ್ನು ಹಾಕಿ ಕೂತೇಬಿಟ್ಟರು. ಕೂತ ಮೇಲೆ ಎದುರಿನ ಗೋಡೆಗೆ ಹೇಳಿದರು: “ಮನೆ ಕೀ ಮರೆತು ಹೋಗಿದ್ರು ಯಾರೋ. ಕೊಡೋಣ ಅಂತ ಬಂದೆ.”

ನನ್ನ ಕೀ ನನ್ನ ಚೀಲದಲ್ಲೇ ಇತ್ತು. ಅವರು ತಂದಿದ್ದು ಅವರದೇ ಕೀ. ನಾನು ತೆಗೆದುಕೊಂಡೆ.

ಯೋಚಿಸಿ ನೋಡಿ, ಮಾತು ಬಿಟ್ಟವರಿಗೆ ಇದಕ್ಕಿಂತ ಒಳ್ಳೆಯ ಆಸನ ಉಂಟೇ? ಮುಖ ನೋಡುವ ಹಾಗಿಲ್ಲ, ಎದ್ದು ಹೋಗುವ ಹಾಗೂ ಇಲ್ಲ. ಒಬ್ಬರು ಎದ್ದರೆ ಇನ್ನೊಬ್ಬರು ಮಗುಚಿಕೊಳ್ಳುತ್ತಾರೆ. ಮೊದಮೊದಲು ಅಪ್ಪನ ಬೆನ್ನು ಬಸ್ಸಿನ ಕಂಬಿಯ ಹಾಗಿತ್ತು. ಆಮೇಲಾಮೇಲೆ ಸೀಟಿನಷ್ಟಾಯಿತು. ಮೆತ್ತನೆಯ ಸೀಟು ಅಂತ ಹೇಳಲಾರೆ, ನಮ್ಮ ಕಡೆಯ ಬಸ್ಸುಗಳು ಎಂಥವು ಅಂತ ನಿಮಗೇ ಗೊತ್ತು.

ಒಂದು ದಿನ ಉಸಿರು ಒಳಗೆಳೆದುಕೊಂಡವಳಿಗೆ ಹೊರಗೆ ಬಿಡಲಾಗಲಿಲ್ಲ. ಬಿಟ್ಟರೆ ಅಳು ಬರುತ್ತಿತ್ತು. ಕೊನೆಗೆ ಬಂದೇಬಂತು. ಸದ್ದಿಲ್ಲದೆ ಅತ್ತೆ. ಆದರೆ ಬೆನ್ನಿಗೆ ಬೆನ್ನು ತಾಗಿಸಿ ಕೂತವರಿಂದ ಅಳುವನ್ನು ಬಚ್ಚಿಡುವುದು ಹೇಗೆ?

“ಏನು?” ಅಂದರು ಅಪ್ಪ. ರೇಡಿಯೋ ಮಧ್ಯಸ್ಥಿಕೆಯಿಲ್ಲದೆ ಆಡಿದ ಮೊದಲ ಮಾತು.

“ಏನಿಲ್ಲ.”

“ಏನಿಲ್ದೆ ಗಾಡಿ ಇಷ್ಟು ಅಲ್ಲಾಡುತ್ತಾ?”

“ಅಪ್ಪಾ, ಒಬ್ಬಳೇ ನನ್ನಿಂದ ಆಗುತ್ತಾ?”

ಅಪ್ಪ ಒಂದು ಉಸಿರು ಒಳಗೆಳೆದು ಬಿಟ್ಟದ್ದು ನನ್ನ ಬೆನ್ನಿಗೆ ತಿಳಿಯಿತು. ಆಮೇಲೆ, “ನಿಮ್ಮಮ್ಮ ಹೋದಾಗ ನಾನೂ ಅದನ್ನೇ ಕೇಳ್ಕೊಂಡಿದ್ದೆ,” ಅಂದರು.

ಸಭಿಕರೇ, ನಾನು ತರ್ಕಶಾಸ್ತ್ರದಲ್ಲಿ ಪದಕ ತಗೊಂಡವಳು. ಕಣ್ಣೆದುರಿಗೇ ಇದ್ದ ಈ ಸರಳ ಸಂಗತಿ ಅಲ್ಲಿಯವರೆಗೆ ನನ್ನ ತಲೆಗೆ ಹೊಳೆದಿರಲಿಲ್ಲ. ನಾನು ಕಂಡ ಮೊದಲ ಒಂಟಿ ತಾಯಿ ಖಾಕಿ ಅಂಗಿ ತೊಡುತ್ತಿದ್ದರು, ಅವರಿಗೆ ಮೀಸೆ ಇತ್ತು. ಅಮ್ಮ ತೀರಿಕೊಂಡಾಗ ನಾನಿನ್ನೂ ಶಾಲೆಗೆ ಸೇರಿರಲಿಲ್ಲ. ನೋಡಿಕೊಳ್ಳುವವರು ಯಾರೂ ಇಲ್ಲದೆ ಅಪ್ಪ ನನ್ನನ್ನು ಬಸ್ಸಿಗೇ ಕರೆದುಕೊಂಡು ಹೋಗುತ್ತಿದ್ದರು. ಡ್ರೈವರ್ ಮಾಮನ ಹಿಂದಿನ ಸೀಟು ನನ್ನದು. ಜಡೆ ಹಾಕಲು ಬಾರದೆ ಟಿಕೆಟ್ ಕಟ್ಟಿನ ರಬ್ಬರಿನಿಂದ ಕೂದಲು ಕಟ್ಟುತ್ತಿದ್ದರು. ಜನ “ಮಗೂನ ಯಾಕ್ರೀ ಹೀಗೆ ಸುತ್ತಾಡಿಸ್ತೀರಿ, ಇನ್ನೊಂದು ಮದುವೆ ಮಾಡ್ಕೊಳ್ರೀ,” ಅಂದರೆ, “ಮುಂದೆ ಹೋಗಿ, ಮುಂದೆ ಹೋಗಿ, ದಾರಿ ಬಿಡಿ,” ಅನ್ನುತ್ತಿದ್ದರು. ಅದು ಹತ್ತುವವರಿಗೆ ಹೇಳಿದ್ದು ಅಂತ ನಾನು ತಿಳಿದುಕೊಂಡಿದ್ದೆ.

ಇದೆಲ್ಲ ನೆನಪಾಗಿ, ಕಣ್ಣೊರೆಸಿಕೊಂಡು, ತಿರುಗದೆಯೇ ಕೇಳಿದೆ:

“ಅಪ್ಪಾ, ನಿನ್ನ ಬಸ್ಸಿಗೆ ನಾನು ಯಾವತ್ತು ಟಿಕೆಟ್ ತಗೊಂಡು ಹತ್ತಿದ್ದೆ?”

ಈಗ ಗಾಡಿ ಅಲ್ಲಾಡಿದ್ದು ಆ ಕಡೆಯಿಂದ. ಅಳುತ್ತಿದ್ದರೋ, ನಗುತ್ತಿದ್ದರೋ? ಬೆನ್ನಿಗೆ ಅಷ್ಟೆಲ್ಲ ತಿಳಿಯುವುದಿಲ್ಲ. ತಿರುಗಿದ್ದರೆ ಕಾಣುತ್ತಿತ್ತು. ನಾನು ತಿರುಗಲಿಲ್ಲ. ಅವತ್ತು ಮನೆಗೆ ಒಂದೇ ಬಸ್ಸಿನಲ್ಲಿ, ಒಂದೇ ಸೀಟಿನಲ್ಲಿ ಹೋದೆವು. ಟಿಕೆಟ್ ಅಪ್ಪನೇ ತೆಗೆಸಿದರು.

ಹೆರಿಗೆ ಕೋಣೆಯ ಕಥೆ ಡಾಕ್ಟರಮ್ಮನವರೇ ಚೆನ್ನಾಗಿ ಹೇಳುತ್ತಾರೆ. “ಪತಿ ಎಲ್ಲಿ?” ಅಂತ ಯಾರೋ ಹೊಸಬರು ಕೇಳಿದಾಗ ಅಪ್ಪ, “ಪತಿ ಇಲ್ಲ, ಬೆನ್ನಿದೆ,” ಅಂತ ಹೇಳಿ ಒಳಗೆ ಬಂದರು. ತರಗತಿಯಲ್ಲಿ ಕಲಿತದ್ದೆಲ್ಲ ಗಾಬರಿಗೆ ಇಬ್ಬರಿಗೂ ಮರೆತುಹೋಯಿತು. ಅಪ್ಪನಿಗೆ ಉಳಿದದ್ದು ಹಳೆಯ ಕಸುಬು ಮಾತ್ರ. ತಡೆದುಕೊಳ್ಳಬೇಕಾದಾಗ “ಹೋಲ್ಡಾನ್! ಹೋಲ್ಡಾನ್!” ಅಂತ ಕೂಗಿದರು. ತಿಣುಕಬೇಕಾದಾಗ “ರೈಟ್ ರೈಟ್!” ಪಕ್ಕದ ಕೋಣೆಯ ಹೆಂಗಸೂ ಅದೇ ಲೆಕ್ಕಕ್ಕೆ ಹೆತ್ತಳಂತೆ. ಹಾಗೆ ಬಂದಿಳಿದ ಪ್ರಯಾಣಿಕಳೇ ಈಗ ಮುಂದಿನ ಸಾಲಿನಲ್ಲಿ ‘ಸಾಕು’ ಅಂತ ನನಗೆ ಕೈಸನ್ನೆ ಮಾಡುತ್ತಿರುವುದು. ಬಂದೆ ಪುಟ್ಟಾ, ಮುಗಿಯಿತು.

ಅವಳನ್ನು ಎತ್ತಿಕೊಂಡು ಅಪ್ಪ ಕಿಟಕಿಯ ಹತ್ತಿರ ಹೋದರು. ನನಗೆ ಬೆನ್ನು ಹಾಕಿಯೇ ಅಂದರು: “ಇಷ್ಟು ಚಿಕ್ಕೋರಿಗೆ ಟಿಕೆಟ್ ಇಲ್ಲ.”

“ದೊಡ್ಡೋರಿಗೆ?” ಅಂತ ಕೇಳಿದೆ. ಉತ್ತರ ಬರಲಿಲ್ಲ.

ಮುಂದಿನದು ನಿಮಗೆ ಗೊತ್ತಿದೆ. ನನ್ನ ಹೆರಿಗೆಯಾದ ಮೇಲೂ ಅಪ್ಪ ತರಗತಿಗೆ ಬರುವುದನ್ನು ಬಿಡಲಿಲ್ಲ. ಜೊತೆಗಾರರಿಲ್ಲದೆ ಬಂದವರಿಗೆಲ್ಲ ಬೆನ್ನಾದರು. ಗಂಡ ಊರಲ್ಲಿಲ್ಲದವಳಿಗೆ, ಗಂಡನೇ ಇಲ್ಲದವಳಿಗೆ, ತೀರಿಹೋದ ತಂಗಿಯ ಮಗುವನ್ನು ಸಾಕಲು ಹೊರಟು ‘ನಾನು ಹೆತ್ತಿಲ್ಲ, ಕೂರಬಹುದಾ?’ ಅಂತ ಹೊಸ್ತಿಲಲ್ಲಿ ನಿಂತಿದ್ದ, ಇವತ್ತು ಇಲ್ಲೇ ಕೂತಿರುವ ಈ ಅಕ್ಕನಿಗೆ. ಯಾರನ್ನೂ ಏನೂ ಕೇಳಿದವರಲ್ಲ. “ಕೂತ್ಕೊಳಮ್ಮ, ಸೀಟಿದೆ,” ಅಷ್ಟೇ.

ಇನ್ನು ಉಳಿದ ಕಿವಿಮಾತುಗಳು. ‘ತಾಯಿಯೂ ನಾನೇ, ತಂದೆಯೂ ನಾನೇ’ ಅಂತ ಶಪಥ ಮಾಡಬೇಡಿ. ತಾಯಿ ಕೆಲಸವೊಂದೇ ಎರಡು ಪಾಳಿ ಇದೆ. ಯಾರಾದರೂ ಬಿಸಿ ಅಡುಗೆ ತಂದರೆ ಬಿಗುಮಾನ ಮಾಡದೆ ತಿನ್ನಿ, ಡಬ್ಬಿ ಆಮೇಲೆ ತೊಳೆದು ಕೊಟ್ಟರಾಯಿತು. ಮಗುವಿಗೆ ನಿಜ ಹೇಳಿ, ಅದು ಕೇಳುವ ಮೊದಲೇ ಹೇಳಿ. ಶಾಲೆಯಲ್ಲಿ ನನ್ನ ಮಗಳನ್ನು ಯಾರೋ, “ನಿಮ್ಮನೇಲಿ ಅಪ್ಪ ಇಲ್ವಾ?” ಅಂತ ಕೇಳಿದರಂತೆ. “ಅಮ್ಮ, ತಾತ, ನಾನು. ಸೀಟೆಲ್ಲಾ ಭರ್ತಿ,” ಅಂದಳಂತೆ. ಆಮೇಲೆ ಏನೋ ಒಂದಿತ್ತು...

ಒಂದು ನಿಮಿಷ. ಅಪ್ಪನ ಸನ್ಮಾನಕ್ಕೆಂದು ಅಧ್ಯಕ್ಷರು ತಮ್ಮ ಅಂಗಡಿಯಿಂದಲೇ ಪ್ರೀತಿಯಿಂದ ಕೊಟ್ಟ ಆ ದೊಡ್ಡ ಒರಗು ಕುರ್ಚಿ, ಇಷ್ಟು ವರ್ಷ ಬೆನ್ನು ಕೊಟ್ಟವರಿಗೆ ನಾವು ಕೊಟ್ಟ ಬೆನ್ನು, ಖಾಲಿ ಇದೆಯಲ್ಲ? ಸನ್ಮಾನಿತರು ಎಲ್ಲಿ? ಅಪ್ಪಾ! ಎಲ್ಲಿಗೆ ಹೊರಟೆ? ಸನ್ಮಾನ ಇನ್ನೂ ಆಗಿಲ್ಲ!

ಓ.

ಈಗ ನೀವೆಲ್ಲ ತಿರುಗಿ ನೋಡಬಹುದು. ಬಾಗಿಲ ಪಕ್ಕದ ಬೆಂಚಿನ ಆ ತುದಿಯಲ್ಲಿ ಚಪ್ಪಲಿ ಬಿಟ್ಟು, ಗೋಡೆಯ ಕಡೆ ಮುಖ ಮಾಡಿ, ಆ ತಂಗಿಯ ಕಡೆ ಬೆನ್ನು ಮಾಡಿ ಕೂತುಬಿಟ್ಟಿದ್ದಾರೆ. ಹಸಿರು ಸ್ವೆಟರಿನ ತಂಗಿ ಇನ್ನೂ ಒರಗಿಲ್ಲ. ಒರಗು ತಂಗೀ, ಮೊದಲು ಸ್ವಲ್ಪ ಗಟ್ಟಿ ಅನ್ನಿಸುತ್ತದೆ, ಆಮೇಲೆ ಸರಿಹೋಗುತ್ತದೆ. ಹಾಂ. ಹಾಗೆ. ಚೀಲ ಕೆಳಗಿಡು.

ದೊಡ್ಡವರಿಗೆ ಟಿಕೆಟ್ ಬೇಕೋ ಬೇಡವೋ ಅಂತ ನಾನು ಅಂದು ಕೇಳಿದ್ದಕ್ಕೆ ಉತ್ತರ ಸಿಕ್ಕಿತು. ಏನಂದೆ ಅಪ್ಪಾ? ಜೋರಾಗಿ ಹೇಳು. ಕೇಳಿಸಿತೇ ನಿಮಗೆ? ‘ರೈಟ್ ರೈಟ್’ ಅಂತಿದ್ದಾರೆ.

ಅವರು ಹಾಗಂದ ಮೇಲೆ ಗಾಡಿ ನಿಲ್ಲಿಸುವ ಧೈರ್ಯ ನನಗಿಲ್ಲ. ಹಿಂದೆ ಇರುವವರಿಗೆ ಜಾಗ ಮಾಡಿಕೊಡಿ, ಹೊಸಬರು ಬಂದರೆ ಒಂದಿಷ್ಟು ಸರಿದು ಕೂರಿ. ಕೇಳಿದ ನಿಮಗೆ, ಕರೆಸಿದ ಸಿಸ್ಟರ್‌ಗೆ, ಕಾಫಿ ಕಾಯಿಸುತ್ತಿರುವವರಿಗೆ ಮತ್ತು ಆ ಬೆಂಚಿನ ತುದಿಗೆ, ನನ್ನ ನಮಸ್ಕಾರ.