ಅರವತ್ತು ಎಂದು ಬರೆಸಿದ್ದು

ಜನನ ಮರಣ ನೋಂದಣಿ ಕಚೇರಿಯ ಸಾಲಿನಲ್ಲಿ ನನ್ನ ಮುಂದೆ ಇಬ್ಬರು ನಿಂತಿದ್ದರು. ಒಬ್ಬಾಕೆಯ ಕೈಯಲ್ಲಿ ಗಂಡನ ಮರಣ ಪ್ರಮಾಣಪತ್ರವಿತ್ತು. ಜೊತೆಗಿದ್ದವರು ಗಂಡನ ಅಣ್ಣ. ದೋಣಿಯ ಹುಟ್ಟು ಹಿಡಿದು ಹಿಡಿದು ಅವರ ಅಂಗೈ ಜಡ್ಡುಗಟ್ಟಿತ್ತು.

“ಅವನಿಗೆ ಐವತ್ತೊಂಬತ್ತು ಕಣಮ್ಮ. ಆಸ್ಪತ್ರೆಯಲ್ಲಿ ವಯಸ್ಸು ಕೇಳಿದಾಗ ನನ್ನ ಬಾಯಿಗೆ ಅರವತ್ತು ಅಂತಲೇ ಬಂತು.”

“ಹಿರಿಯರ ದೋಣಿ ಪಂದ್ಯದ ಫಾರಂನಲ್ಲಿ ಅರವತ್ತು ಅಂತ ತುಂಬಿ ತುಂಬಿ ಅಭ್ಯಾಸ ಆಗಿತ್ತಲ್ಲ ಭಾವ ನಿಮಗೆ.”

“ಇಲ್ಲಿನವರು ಪಂದ್ಯದ ದಿನಕ್ಕೆ ಹುಟ್ಟು ಹಾಕೋ ನಮ್ಮಿಬ್ಬರಿಗೂ ಅರವತ್ತು ತುಂಬಿರಬೇಕು ಅಂದ್ರು. ಅವನಿಗೆ ಹದಿನೈದೇ ದಿನ ಕಮ್ಮಿ. ಫಾರಂ ವಾಪಸ್ ಕಳಿಸಿಬಿಟ್ರು.”

“ಹೊರದೇಶದ ಪಂದ್ಯದಲ್ಲಿ ಆ ವರ್ಷ ಮುಗಿಯೋದ್ರೊಳಗೆ ತುಂಬಿದ್ರೆ ಸಾಕು ಅಂತ ಗೊತ್ತಾದ ದಿನ ನಮ್ಮನೆಯವರು ಅಡುಗೆಮನೆಗೇ ಬಂದ್ರು. ‘ಲೇ, ಅಲ್ಲಿ ನನಗೆ ಆಗಲೇ ಅರವತ್ತು ಕಣೇ’ ಅಂದ್ರು. ವಯಸ್ಸಾಯ್ತು ಅಂತ ಅಷ್ಟು ಕುಣಿದೋರನ್ನ ನಾನು ನೋಡಿಲ್ಲ.”

“ಅವತ್ತಿಂದ ನಾನೂ ಅವನನ್ನ ‘ಅರವತ್ತು’ ಅಂತಲೇ ಕೂಗ್ತಿದ್ದೆ.”

“ಅವರು ಹೋದಾಗ ಹುಟ್ಟಿದ ದಿನಕ್ಕೆ ಇನ್ನೂ ಆರು ವಾರ ಇತ್ತು.”

ಅಷ್ಟರಲ್ಲಿ ಅವರ ಸರದಿ ಬಂತು. ಗುಮಾಸ್ತ ಕಿಟಕಿಯಿಂದ ಕೈ ಚಾಚಿದ.

“ಏನು ತಿದ್ದಬೇಕು?”

ಆಕೆ ಪ್ರಮಾಣಪತ್ರವನ್ನು ಮಡಚಿ ಚೀಲದೊಳಗೆ ಇಟ್ಟುಕೊಂಡರು.

“ಏನೂ ಇಲ್ಲ ಸಾರ್. ಸರಿಯಾಗೇ ಇದೆ.”

“ನಾಳೆ ಯಾರಾದ್ರೂ ಕೇಳಿದ್ರೆ ಏನಮ್ಮ ಹೇಳ್ತೀಯ?”

“ಕೇಳಲಿ ಬಿಡಿ ಭಾವ. ಒಂದು ಕಾಗದದಲ್ಲಾದ್ರೂ ಅವರಿಗೆ ಅರವತ್ತು ತುಂಬಲಿ.”

ಇಬ್ಬರೂ ನಿಧಾನವಾಗಿ ಮೆಟ್ಟಿಲಿಳಿದರು. ಗುಮಾಸ್ತನ ಕೈ ಇನ್ನೂ ಚಾಚಿಕೊಂಡೇ ಇತ್ತು.